ಬಳ್ಳಾರಿಯ ಮೊಣಕಾಲು

ಚರಿತ್ರೆ ಪುಸ್ತಕಗಳಲ್ಲಿ ಮೊಣಕಾಲಿಗೆ ಜಾಗ ಸಿಗೋದು ಒಂದೇ ಸಂದರ್ಭದಲ್ಲಿ. ಸೋತವನು ಗೆದ್ದವನ ಮುಂದೆ ಮಂಡಿಯೂರಿದ ಅಂತ. ಉಳಿದಂತೆ ಅಲ್ಲಿ ಕಾಣೋದು ಕಿರೀಟ ಹೊತ್ತ ತಲೆ, ಕತ್ತಿ ಹಿಡಿದ ಕೈ, ಇಲ್ಲಾಂದ್ರೆ ಕುದುರೆಯ ಕಾಲು. ಆದರೆ ಒಂದು ಸೀಮೆಯ ಜನ ಸಾವಿರಾರು ವರ್ಷ ಹೇಗೆ ಕೂತರು, ಹೇಗೆ ಎದ್ದರು, ಏನು ಹೊತ್ತರು, ಯಾವ ನೀರು ಕುಡಿದರು ಅಂತ ಕೇಳಿದ್ರೆ ಉತ್ತರ ಕೊಡೋದು ತಲೆಯಲ್ಲ, ಕೈಯೂ ಅಲ್ಲ. ಮೊಣಕಾಲು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಯಾವ ಊರಿನ ಕಟ್ಟೆ ಮೇಲೆ ಬೇಕಾದರೂ ನೋಡಿ. ಐವತ್ತು ದಾಟಿದ ಹೆಂಗಸರು ಏಳುವಾಗ ಎರಡೂ ಕೈ ಮೊಣಕಾಲಿಗೆ ಊರಿ, 'ಯವ್ವಾ' ಅಂತ ಉಸಿರು ಬಿಟ್ಟು ಏಳ್ತಾರೆ. ಕೇಳಿದ್ರೆ 'ವಯಸ್ಸಾತಲ್ಲಪ್ಪ' ಅಂತಾರೆ. ವಯಸ್ಸು ಹೌದು. ಆದರೆ ವಯಸ್ಸು ಎಲ್ಲರಿಗೂ ಆಗುತ್ತೆ, ಮೊಣಕಾಲು ಎಲ್ಲರದೂ ಒಂದೇ ಥರ ಸವೆಯಲ್ಲ. ಈ ವ್ಯತ್ಯಾಸದಲ್ಲೇ ಚರಿತ್ರೆ ಇದೆ ಅನ್ನೋದು ನನ್ನ ವಾದ.

ಮೊದಲು ಈ ಕೀಲು ಎಂಥದ್ದು ಅಂತ ತಿಳಿಯೋಣ. ಸೊಂಟದ ಕೀಲು ಅರ್ಥ ಮಾಡಿಕೊಳ್ಳೋದು ಸುಲಭ. ತೊಡೆಮೂಳೆಯ ದುಂಡು ತಲೆ ಒಂದು ಬಟ್ಟಲೊಳಗೆ ಕೂತಿದೆ, ಒರಳೊಳಗೆ ಗುಂಡುಕಲ್ಲು ಕೂತ ಹಾಗೆ. ಜಾರಿ ಆಚೆ ಬೀಳೋದು ಕಷ್ಟ. ಮೊಣಕಾಲಿಗೆ ಆ ಭಾಗ್ಯ ಇಲ್ಲ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ದುಂಡು ಉಬ್ಬುಗಳು. ಅವನ್ನು ಹೊರುವ ಕಣಕಾಲಿನ ಮೂಳೆಯ ಮೇಲ್ತುದಿ ಹೆಚ್ಚುಕಮ್ಮಿ ಚಪ್ಪಟೆ. ಹಂಪಿ, ಕುರುಗೋಡು ಕಡೆಯ ಗುಡ್ಡಗಳಲ್ಲಿ ಬಂಡೆಯ ಮೇಲೆ ಉರುಟು ಗುಂಡು ಕೂತಿರೋದನ್ನು ನೋಡಿರ್ತೀರಿ. ಇನ್ನೇನು ಉರುಳಿತು ಅನ್ನೋ ಹಾಗೆ. ಮೊಣಕಾಲಿನ ಮೂಳೆಗಳ ಕತೆಯೂ ಅಷ್ಟೇ. ಬರೀ ಮೂಳೆಯನ್ನು ನಂಬಿದ್ರೆ ಅದು ನಿಲ್ಲಲ್ಲ.

ನಿಲ್ಲಿಸೋದು ಸುತ್ತ ಇರುವ ಮೆತ್ತನೆ ವಸ್ತುಗಳು. ನಾಲ್ಕು ಗಟ್ಟಿ ಕಟ್ಟುನಾರುಗಳು ಅಂದ್ರೆ ಲಿಗಮೆಂಟುಗಳು. ಎರಡು ಅಕ್ಕಪಕ್ಕ ನಿಂತು ಕಾಲು ಎಡಕ್ಕೋ ಬಲಕ್ಕೋ ವಾಲದ ಹಾಗೆ ನೋಡಿಕೊಳ್ತವೆ. ಇನ್ನೆರಡು ಕೀಲಿನ ಒಳಗೆ ಒಂದನ್ನೊಂದು ಕತ್ತರಿಯ ಹಾಗೆ ಹಾಯ್ದು, ಮೂಳೆಗಳು ಹಿಂದೆಮುಂದೆ ಜಾರದ ಹಾಗೆ ಹಿಡೀತವೆ. ಅದರ ಜೊತೆಗೆ ಎರಡು ಅರ್ಧಚಂದ್ರದ ಮೆತ್ತೆಗಳು, ಮೆನಿಸ್ಕಸ್ ಅಂತಾರೆ. ಇದನ್ನು ವಿವರಿಸೋಕೆ ನಮ್ಮಲ್ಲಿ ಒಂದು ಒಳ್ಳೇ ಪದ ಇದೆ: ಸಿಂಬಿ. ದುಂಡನೆ ಕೊಡ ತಲೆ ಮೇಲೆ ನಿಲ್ಲೋದು ಸಿಂಬಿಯಿಂದ. ಅದು ಕೊಡವನ್ನು ಅಲ್ಲಾಡದಂತೆ ಹಿಡಿಯುತ್ತೆ, ಭಾರವನ್ನು ಒಂದೇ ಕಡೆ ಒತ್ತದಂತೆ ಹರಡುತ್ತೆ. ಮೆನಿಸ್ಕಸ್ ಮಾಡೋದೂ ಇದನ್ನೇ. ಎಷ್ಟೋ ಕಾಲ ವೈದ್ಯರು ಇದನ್ನು ಬೇಡದ ತುಂಡು ಅಂತ ತಿಳಿದು, ಹರಿದರೆ ಇಡಿಯಾಗಿ ತೆಗೆದು ಬಿಸಾಡ್ತಿದ್ರು. 1948ರಲ್ಲಿ ಫೇರ್‌ಬ್ಯಾಂಕ್ ಅನ್ನೋ ಇಂಗ್ಲೆಂಡಿನ ಸರ್ಜನ್, ಹೀಗೆ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ನೋಡಿ, ಮೂಳೆಯ ಆಕಾರವೇ ಬದಲಾಗ್ತಿದೆ ಅಂತ ತೋರಿಸಿಕೊಟ್ಟ. ಸಿಂಬಿ ಇಲ್ಲದೆ ಕೊಡ ಹೊತ್ತ ತಲೆಯ ಗತಿ.

ಇನ್ನು ಚಲನೆ. ಮೊಣಕಾಲು ಬಾಗಿಲ ತಿರುಗಣಿ ಥರ ಬರೀ ಮಡಚಿ ಬಿಚ್ಚುವ ಕೀಲು ಅಂತ ಕಾಣುತ್ತೆ, ಹಾಗಲ್ಲ. 1836ರಲ್ಲಿ ಜರ್ಮನಿಯ ವೇಬರ್ ಸೋದರರು ಮನುಷ್ಯ ನಡೆಯುವ ಬಗೆಯ ಮೇಲೆ ಪುಸ್ತಕ ಬರೆದಾಗ ಒಂದು ವಿಷಯ ಗಮನಿಸಿದ್ರು: ಮಂಡಿ ಮಡಚುವಾಗ ತೊಡೆಮೂಳೆ ಉರುಳುತ್ತಾ ಉರುಳುತ್ತಾ ಜಾರುತ್ತೆ ಕೂಡ. ಕೆಸರಲ್ಲಿ ಬಂಡಿಗಾಲಿ ತಿರುಗುತ್ತಲೇ ಜಾರುತ್ತಲ್ಲ, ಹಾಗೆ. ಬರೀ ಉರುಳಿದ್ರೆ ಅರ್ಧ ಮಡಚುವಷ್ಟರಲ್ಲಿ ಮೂಳೆ ಹಿಂದಿನಿಂದ ಆಚೆ ಬೀಳ್ತಿತ್ತು. ಕಾಲು ಪೂರ್ತಿ ನೆಟ್ಟಗಾಗುವ ಕೊನೇ ಹಂತದಲ್ಲಿ ಇನ್ನೊಂದು ಚಮತ್ಕಾರ ನಡೆಯುತ್ತೆ. ಕಣಕಾಲಿನ ಮೂಳೆ ಸ್ವಲ್ಪ ಹೊರಕ್ಕೆ ತಿರುಗಿ, ಡಬ್ಬಿಯ ತಿರುಪು ಮುಚ್ಚಳದ ಹಾಗೆ ಬಿಗಿಯಾಗುತ್ತೆ. ರೇಷನ್ ಅಂಗಡಿ ಮುಂದೆ ಗಂಟೆಗಟ್ಟಲೆ ನಿಂತರೂ ತೊಡೆ ತೀರಾ ಸೋಲದೇ ಇರೋದು ಈ ಬೀಗದ ದೆಸೆಯಿಂದ. ಮತ್ತೆ ಮಡಚಬೇಕಾದಾಗ ಕೀಲಿನ ಹಿಂದೆ ಅಡಗಿರುವ ಒಂದು ಪುಟ್ಟ ಸ್ನಾಯು ಬೀಗ ತೆಗೆಯುತ್ತೆ.

ಭಾರದ ಲೆಕ್ಕ ಕೇಳಿದ್ರೆ ಗಾಬರಿ ಆಗುತ್ತೆ. 60 ಕಿಲೋ ತೂಕದ ಮನುಷ್ಯ ಸುಮ್ಮನೆ ನಡೆಯುವಾಗ ಒಂದು ಮೊಣಕಾಲಿನ ಮೇಲೆ ಬೀಳುವ ಒತ್ತಡ ಸುಮಾರು 150 ಕಿಲೋ. ಮೈತೂಕ ಮಾತ್ರ ಅಲ್ಲ, ಕೀಲನ್ನು ಬಿಗಿಹಿಡಿಯೋಕೆ ಸ್ನಾಯುಗಳು ಎಳೆಯೋದೂ ಅದಕ್ಕೆ ಸೇರುತ್ತೆ. ಮೆಟ್ಟಿಲಿಳಿಯುವಾಗ ಅದು ಮೈತೂಕದ ಮೂರೂವರೆ ಪಟ್ಟು ಆಗಬಹುದು. ಬಳ್ಳಾರಿ ಕೋಟೆ ಗುಡ್ಡ ಹತ್ತಿ ಇಳಿದವರಿಗೆ ಇದು ಪುಸ್ತಕ ಇಲ್ಲದೇ ಗೊತ್ತು: ಹತ್ತುವಾಗ ಎದೆ ಹೇಳುತ್ತೆ, ಇಳಿಯುವಾಗ ಮೊಣಕಾಲು ಹೇಳುತ್ತೆ. ಆ ಕೋಟೆಗೆ ಹನುಮಪ್ಪ ನಾಯಕನ ಹೆಸರಿದೆ, ಹೈದರಾಲಿಯ ಹೆಸರಿದೆ, ಹೈದರ್ ಗಲ್ಲಿಗೆ ಹಾಕಿಸಿದ ಅಂತ ಜನ ಹೇಳುವ ಫ್ರೆಂಚ್ ಎಂಜಿನಿಯರನ ಕತೆಯೂ ಇದೆ. ಕಲ್ಲು ಹೊತ್ತು ಹತ್ತಿದವರ, ಬರಿಗೈಲಿ ಇಳಿದು ಮತ್ತೆ ಹೊತ್ತವರ ಹೆಸರು ಮಾತ್ರ ಎಲ್ಲೂ ಇಲ್ಲ.

ಈಗ ಹಿಂದಕ್ಕೆ ಹೋಗೋಣ, ತುಂಬಾ ಹಿಂದಕ್ಕೆ.

ಬಳ್ಳಾರಿ ಪಟ್ಟಣದ ಮಗ್ಗುಲಲ್ಲೇ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯಲ್ಲಿ ಓಡಾಡಿ ಕಲ್ಲಿನ ಆಯುಧಗಳನ್ನು ಗುರುತಿಸಿದ್ದು 19ನೇ ಶತಮಾನದಲ್ಲಿ. ಆಮೇಲೆ ಸುಬ್ಬರಾವ್ ಅವರ 'ಸ್ಟೋನ್ ಏಜ್ ಕಲ್ಚರ್ಸ್ ಆಫ್ ಬಳ್ಳಾರಿ' ಪುಸ್ತಕ 1948ರಲ್ಲಿ ಬಂತು. ಫೇರ್‌ಬ್ಯಾಂಕ್ ಮೆನಿಸ್ಕಸ್ ಬಗ್ಗೆ ಬರೆದ ವರ್ಷವೇ ಅದು. ಸುಮಾರು 4000 ವರ್ಷಗಳ ಹಿಂದೆ ಇಲ್ಲಿ ದನ ಕಾಯುವ, ಬೇಸಾಯ ಮಾಡುವ ಜನ ಇದ್ದರು. ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯ ಬೆಳೆದು ಉಣ್ತಿದ್ರು. ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು ಕೊಡಲಿ ಮಾಡೋದು ದೊಡ್ಡ ಕಸುಬೇ ಆಗಿತ್ತು.

ಆ ಗುಡ್ಡಗಳಲ್ಲಿ ನಿಂತು ನೋಡಿದ್ರೆ ಬಂಡೆಗಳ ಮೇಲೆ ನುಣ್ಣನೆ ಗುಳಿಗಳು, ಉದ್ದನೆ ತೋಡುಗಳು ಕಾಣ್ತವೆ. ಕಾಳು ಅರೆದು ಆದ ಗುಳಿ, ಕೊಡಲಿ ಉಜ್ಜಿ ಆದ ತೋಡು. ಗ್ರಾನೈಟ್ ಸವೀಬೇಕು ಅಂದ್ರೆ ಎಷ್ಟು ದಿನ, ಎಷ್ಟು ಜನ ಅಲ್ಲಿ ಕೂತಿರಬೇಕು ಲೆಕ್ಕ ಹಾಕಿ. ನಿಂತು ಈ ಕೆಲಸ ಆಗಲ್ಲ. ಒಂದೋ ಕುಕ್ಕರುಗಾಲಲ್ಲಿ ಕೂರಬೇಕು, ಇಲ್ಲ ಮಂಡಿಯೂರಿ ಮೈಭಾರವನ್ನೆಲ್ಲ ಮುಂದಕ್ಕೆ ನೂಕಬೇಕು. ಕಲ್ಲು ಸವೆದದ್ದು ನಮಗೆ ಕಾಣುತ್ತೆ. ಅದೇ ಹೊತ್ತಿಗೆ ಸವೆದ ಇನ್ನೊಂದು ವಸ್ತು ಮಣ್ಣಾಗಿ ಹೋಗಿದೆ.

ಇಂಥ ಸವೆತ ಮೂಳೆಯಲ್ಲಿ ಕಾಣುತ್ತೆ ಅಂತ ತೋರಿಸಿಕೊಟ್ಟದ್ದು ದೂರದ ಸಿರಿಯಾ ದೇಶದ ಅಬು ಹುರೇರಾ ಎಂಬ ಹಳೇ ಊರು. ಯೂಫ್ರಟೀಸ್ ನದಿಗೆ ಅಣೆಕಟ್ಟು ಕಟ್ಟಿ ಆ ಜಾಗ ಮುಳುಗುವ ಮೊದಲು, 1972 ಮತ್ತು 73ರಲ್ಲಿ ಅದನ್ನು ಅವಸರದಲ್ಲಿ ಅಗೆದರು. ಸಿಕ್ಕ ಅಸ್ಥಿಗಳನ್ನು ಥೇಯಾ ಮೊಲೆಸನ್ ಎಂಬಾಕೆ ಪರೀಕ್ಷಿಸಿದ್ರು. ಕಾಲಿನ ಹೆಬ್ಬೆರಳು, ಮೊಣಕಾಲು, ಬೆನ್ನಿನ ಕೆಳಭಾಗ ಮೂರರಲ್ಲೂ ಗುರುತುಗಳಿದ್ದವು, ಅದೂ ಹೆಂಗಸರಲ್ಲಿ ಹೆಚ್ಚು. ಮಂಡಿಯೂರಿ, ಬೆರಳು ನೆಲಕ್ಕೊತ್ತಿ, ದಿನಾ ಗಂಟೆಗಟ್ಟಲೆ ಕಾಳು ಅರೆದವರ ಮೂಳೆ ಅದು ಅಂತ ಆಕೆ ಓದಿದ್ರು. ಬೇಸಾಯ ಶುರುವಾದಾಗ ಅನ್ನ ಹೆಚ್ಚಾಯ್ತು ಅಂತ ನಾವು ಓದಿದ್ದೇವೆ. ಆ ಅನ್ನಕ್ಕೆ ಮೊದಲ ಕಂದಾಯ ಕಟ್ಟಿದ್ದು ಮೊಣಕಾಲು.

ನಮ್ಮಲ್ಲೂ ಅಸ್ಥಿಗಳು ಸಿಕ್ಕಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದ್ರು. ಗುಡ್ಡದ ಮೇಲೆ ದುಂಡು ಗುಡಿಸಲು ಕಟ್ಟಿಕೊಂಡು ಬದುಕಿದ ಜನ ತಮ್ಮ ಸತ್ತವರನ್ನು ವಾಸದ ಜಾಗದಲ್ಲೇ ಹೂತಿದ್ದರು. ಅಸ್ಥಿಗಳನ್ನು ಅಧ್ಯಯನ ಮಾಡಿದ ಕೆ.ಸಿ. ಮಲ್ಹೋತ್ರ ಅವರ ಜೊತೆ ಸೇರಿ ನಾಗರಾಜರಾವ್ ಬರೆದ ಪುಸ್ತಕ 1965ರಲ್ಲಿ ಬಂತು. ಅದರ ಹೆಸರಲ್ಲೇ 'ಗುಡ್ಡವಾಸಿಗಳು' ಅನ್ನೋ ಮಾತಿದೆ. ಗುಡ್ಡದ ಮೇಲೆ ಮನೆ, ಕೆಳಗೆ ಹೊಲ ಮತ್ತು ನೀರು ಅಂದ್ರೆ ಏನು ಅಂತ ಈಗ ಬಿಡಿಸಿ ಹೇಳಬೇಕಿಲ್ಲ.

ಕೂರುವ ಭಂಗಿ ಮೂಳೆಯ ಮೇಲೆ ಬರೆಯುತ್ತೆ ಅನ್ನೋ ಮಾತಿಗೆ ವಿಜ್ಞಾನದಲ್ಲಿ ಹಳೇ ಸಾಕ್ಷಿಯೂ ಇದೆ. ಲಾಹೋರಿನ ಮೆಡಿಕಲ್ ಶಾಲೆಯಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್, ಪಂಜಾಬಿಗಳ ಕಾಲಿನ ಮೂಳೆಗಳ ಮೇಲೆ 1893ರಲ್ಲಿ ಒಂದು ಲೇಖನ ಪ್ರಕಟಿಸಿದ. ಕುಕ್ಕರುಗಾಲಲ್ಲಿ ಕೂರುವವರ ಮೊಣಕಾಲು, ಕಾಲ್ಗಿಣ್ಣುಗಳಲ್ಲಿ ಯುರೋಪಿನವರಲ್ಲಿ ಸಾಮಾನ್ಯವಾಗಿ ಕಾಣದ ನುಣುಪು ಮಚ್ಚೆಗಳನ್ನು ಅವನು ಗುರುತಿಸಿದ್ದ. ಕುರ್ಚಿ ಮೇಲೆ ಕೂತ ಪ್ರೊಫೆಸರು ನೆಲದ ಮೇಲೆ ಕೂತವರ ಕಾಲನ್ನು ನೋಡಿ ಬರೆದ ಲೇಖನ. ಆದರೂ ಅದರೊಳಗಿನ ಮಾತು ದೊಡ್ಡದು: ದೇಹ ಮಾಡುವ ಕೆಲಸವೇ ದೇಹದ ಆಕಾರವನ್ನು ತಿದ್ದುತ್ತೆ.

ಹಾಗಂತ ನೆಲದ ಮೇಲೆ ಕೂರೋದೇ ತಪ್ಪು ಅಂತ ತಿಳ್ಕೋಬೇಡಿ. ಪೂರ್ತಿ ಕುಕ್ಕರಿಸಿದಾಗ ತೊಡೆ ಬಂದು ಮೀನಖಂಡಕ್ಕೆ ತಾಗಿ ಭಾರದ ಒಂದು ಪಾಲನ್ನು ತಾನು ಹೊರುತ್ತೆ. ಚಿಕ್ಕಂದಿನಿಂದ ಕೂತು ರೂಢಿ ಇರುವ ಮೊಣಕಾಲು 150 ಡಿಗ್ರಿ ದಾಟಿ ಮಡಚುತ್ತೆ. ಕುರ್ಚಿಗೆ ಬೇಕಾಗೋದು 90ರ ಆಸುಪಾಸು. ಚಕ್ಕಳಮಕ್ಕಳ ಹಾಕಿ ಉಂಡು ಎದ್ದರೆ ಏನೂ ಆಗಲ್ಲ. ತೊಂದರೆ ಬರೋದು ಅದೇ ಭಂಗಿಯಲ್ಲಿ ಗಂಟೆಗಟ್ಟಲೆ, ವರ್ಷಗಟ್ಟಲೆ, ಅದೂ ಭಾರ ಹೊತ್ತು ದುಡಿದಾಗ. ಚೀನಾದ ಬೀಜಿಂಗ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಅಲ್ಲಿನ ವಯಸ್ಸಾದ ಹೆಂಗಸರಿಗೆ ಅಮೆರಿಕದ ಬಿಳಿ ಹೆಂಗಸರಿಗಿಂತ ಮೊಣಕಾಲು ಸವೆತ ಹೆಚ್ಚು ಅಂತ ಕಂಡುಬಂತು. ಚೀನಾದವರು ಅಷ್ಟು ದಪ್ಪ ಅಲ್ಲ, ಮತ್ತೆ ಯಾಕೆ? ವಯಸ್ಸಿನಲ್ಲಿ ದಿನಾ ಬಹಳ ಹೊತ್ತು ಕುಕ್ಕರಿಸಿದ್ದು ಒಂದು ಕಾರಣ ಅಂತ ಅದೇ ತಂಡ 2004ರಲ್ಲಿ ಹೇಳಿತು.

ಕೂರುವ ಮಾತು ಬಂದ ಮೇಲೆ ಕುರುಗೋಡನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. 12ನೇ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಊರು. ಅಲ್ಲಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಬಸವಣ್ಣ ಕಾಲು ಮಡಚಿ ಕೂತಿದ್ದಾನೆ. ಭಕ್ತರು ಕೈಮುಗಿದು ಬರ್ತಾರೆ. ನೀವು ಒಂದು ನಿಮಿಷ ಮನೆ ಎತ್ತನ್ನೂ ನೆನಪಿಸಿಕೊಂಡು ಕಾಲು ನೋಡಿ. ಎತ್ತು ಕೂರುವಾಗ ಮುಂಗಾಲಲ್ಲಿ ಮೊದಲು ಊರುತ್ತಲ್ಲ, ನಾವು 'ಮಂಡಿ' ಅಂತೀವಲ್ಲ, ಅದು ಮಂಡಿಯೇ ಅಲ್ಲ! ಮೂಳೆಗಳ ಜೋಡಣೆ ನೋಡಿದ್ರೆ ಅದು ನಮ್ಮ ಮಣಿಕಟ್ಟು. ಎತ್ತಿನ ನಿಜವಾದ ಮೊಣಕಾಲು ಇರೋದು ಹಿಂಗಾಲಲ್ಲಿ, ಮೇಲೆ, ಹೊಟ್ಟೆಯ ಹತ್ತಿರ. ಅದು ನಿಂತಾಗಲೂ ಕೊಂಚ ಮಡಚಿಯೇ ಇರುತ್ತೆ.

ಇದು ಬರೀ ತಮಾಷೆ ಸಂಗತಿ ಅಲ್ಲ. ನಾಲ್ಕು ಕಾಲಿನ ಪ್ರಾಣಿ ಭಾರವನ್ನು ನಾಲ್ಕು ಕಡೆ ಹಂಚಿಕೊಂಡಿದೆ. ನಾವು ಎರಡರ ಮೇಲೆ ನಿಂತೆವು, ನಡೆಯುವಾಗ ಒಂದರ ಮೇಲೆ. ಅದಕ್ಕಾಗಿ ಮೊಣಕಾಲು ನೆಟ್ಟಗಾಯ್ತು, ಬೀಗ ಬಂತು, ತೊಡೆಮೂಳೆ ಸೊಂಟದಿಂದ ಒಳಮುಖವಾಗಿ ಓರೆಯಾಗಿ ಇಳಿದು ಮೊಣಕಾಲನ್ನು ಮೈಯ ನಡುಗೆರೆಯ ಹತ್ತಿರ ತಂದಿತು. ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್‌ಗೆ 1973ರಲ್ಲಿ ಸಿಕ್ಕಿದ್ದು ಒಂದು ಮೊಣಕಾಲಿನ ಮೂಳೆಗಳು. ಪ್ರಸಿದ್ಧ 'ಲೂಸಿ' ಸಿಕ್ಕಿದ್ದು ಮರುವರ್ಷ. ಮೂವತ್ತು ಲಕ್ಷ ವರ್ಷಕ್ಕೂ ಹಿಂದಿನ ಆ ಜೀವಿ ಎರಡು ಕಾಲಲ್ಲಿ ನಡೀತಿತ್ತು ಅಂತ ಮೊದಲು ಸಾಕ್ಷಿ ಹೇಳಿದ್ದು ತಲೆಬುರುಡೆಯಲ್ಲ, ಆ ಮೊಣಕಾಲಿನ ಓರೆ ಕೋನ. ಈ ಕೋನವನ್ನು ನೆನಪಿಟ್ಟುಕೊಳ್ಳಿ, ನೀರಿನ ವಿಚಾರಕ್ಕೆ ಬಂದಾಗ ಬೇಕಾಗುತ್ತೆ.

ಮೂಳೆ, ಕಟ್ಟುನಾರು, ಸಿಂಬಿ ಆಯ್ತು. ಸ್ನಾಯುವಿನ ಮಾತು ಉಳೀತು. ಮೊಣಕಾಲನ್ನು ನಿಜಕ್ಕೂ ಹತೋಟಿಯಲ್ಲಿ ಇಡೋದು ತೊಡೆಯ ಮುಂದಿನ ದಪ್ಪ ಸ್ನಾಯು. ಅದು ಮೊಣಕಾಲ ಚಿಪ್ಪಿನ ಮೂಲಕ ಕಣಕಾಲನ್ನು ಎಳೆಯುತ್ತೆ. ಚಿಪ್ಪು ಮೀಟುಗೋಲಿನ ಹಾಗೆ ಆ ಎಳೆತಕ್ಕೆ ಬಲ ಕೂಡಿಸುತ್ತೆ. ಈ ಸ್ನಾಯು ಸೊರಗಿದ್ರೆ ಮೊಣಕಾಲು ಕುಸಿಯುತ್ತೆ.

ಬಳ್ಳಾರಿ ಜಿಲ್ಲೆಯಲ್ಲಿ ಅದು ಸಾಲುಸಾಲಾಗಿ ಸೊರಗಿದ ಕಾಲ ಒಂದಿತ್ತು. 1876ರಿಂದ 78ರವರೆಗಿನ ಮಹಾಕ್ಷಾಮ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ಡಬ್ಲ್ಯು.ಡಬ್ಲ್ಯು. ಹೂಪರ್ ಎಂಬ ಸೇನಾಧಿಕಾರಿ ಪ್ರಾಂತ್ಯದಲ್ಲಿ ತೆಗೆದ ಫೋಟೋಗಳಿವೆ. ನೋಡೋಕೆ ಗಟ್ಟಿ ಮನಸ್ಸು ಬೇಕು. ಅವುಗಳಲ್ಲಿ ಕಾಲಿನ ಅತಿ ದಪ್ಪನೆ ಭಾಗ ಅಂದ್ರೆ ಮೊಣಕಾಲು. ಮೇಲೆ ತೊಡೆ ಇಲ್ಲ, ಕೆಳಗೆ ಮೀನಖಂಡ ಇಲ್ಲ, ನಡುವೆ ಒಂದು ಗಂಟು. ಮೂಳೆ ಕರಗಲ್ಲ, ಹಸಿದ ದೇಹ ತಿನ್ನೋದು ಸ್ನಾಯುವನ್ನು. ಇಂಥ ಕಾಲುಗಳ ಮೇಲೆ ನಿಂತವರಿಗೆ ಸರ್ಕಾರ ಕೊಟ್ಟ ಪರಿಹಾರ ದುಡಿಮೆ: ರಸ್ತೆಗೆ ಜಲ್ಲಿ ಒಡೆಯೋದು, ಮಣ್ಣು ಹೊರೋದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು ಕೂಲಿಯನ್ನು ಇನ್ನೂ ಇಳಿಸಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ ಸಾಕು ಅಂದ. ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯಲ್ಲ ಅಂತ ವಾದ ಮಾಡಿದ. ಧಾನ್ಯದ ತೂಕದ ಮೇಲೆ ನಡೆದ ಆ ಜಗಳ, ಒಂದು ಲೆಕ್ಕದಲ್ಲಿ, ತೊಡೆಯ ಸ್ನಾಯು ಉಳಿಯಬೇಕೋ ಬೇಡವೋ ಅನ್ನೋ ಜಗಳವೇ.

ಬರದ ಸೀಮೆಗೆ ತುಂಗಭದ್ರೆಯ ನೀರು ಹರಿಸಬೇಕು ಅನ್ನೋ ಯೋಚನೆ ಅದಕ್ಕಿಂತ ಹಳೇದು, 1860ರ ಸುಮಾರಿಗೆ ಆರ್ಥರ್ ಕಾಟನ್ ಮುಂದಿಟ್ಟದ್ದು. ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪದ ಹೊಳೆದಂಡೆಗೆ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. ಈಗ ಕಪ್ಪು ಎರೆಭೂಮಿಯ ದೂರದ ಊರುಗಳಿಗೂ ನೀರು ಬಂತು. ಜೋಳ, ಹತ್ತಿಯ ಹೊಲ ಭತ್ತದ ಗದ್ದೆ ಆಯ್ತು. ಸಿರುಗುಪ್ಪಕ್ಕೆ ಭತ್ತದ ಕಣಜ ಅನ್ನೋ ಹೆಸರು ಬಂತು.

ಹೊಟ್ಟೆ ತುಂಬಿತು, ನಿಜ. ಮೊಣಕಾಲಿಗೆ ಏನಾಯ್ತು? ಜೋಳ ಬಿತ್ತೋದು ಕೂರಿಗೆಯಿಂದ, ಎತ್ತಿನ ಹಿಂದೆ ನಡೆದು. ಭತ್ತದ ಸಸಿ ಹಚ್ಚೋದು ಹಾಗಲ್ಲ. ಮೊಣಕಾಲುದ್ದ ಕೆಸರು, ಬಗ್ಗಿದ ಸೊಂಟ, ಹಿಂದಹಿಂದಕ್ಕೆ ಹೆಜ್ಜೆ. ಎರೆಮಣ್ಣಿನ ಕೆಸರು ಪಾದವನ್ನು ಹಿಡಿದುಕೊಳ್ಳುತ್ತೆ. ಮೈ ಪಕ್ಕಕ್ಕೆ ತಿರುಗುತ್ತೆ. ನೆನಪಿದೆಯಾ, ನೆಟ್ಟಗಿದ್ದಾಗ ಮೊಣಕಾಲಿಗೆ ಬೀಗ ಇರುತ್ತೆ, ಕೊಂಚ ಮಡಚಿದಾಗ ಅದು ತಿರುಚಬಲ್ಲದು. ಪಾದ ನೆಟ್ಟು, ಮಂಡಿ ಕೊಂಚ ಮಡಚಿ, ಮೈ ತಿರುಗಿದಾಗ ಆ ತಿರುಚಾಟವೆಲ್ಲ ಬೀಳೋದು ಸಿಂಬಿಯ ಮೇಲೆ. ಫುಟ್ಬಾಲ್ ಆಟಗಾರನ ಮೆನಿಸ್ಕಸ್ ಹರಿಯೋದೂ ಇದೇ ಭಂಗಿಯಲ್ಲಿ. ಅವನಿಗೆ ಒಂದೇ ಏಟಿಗೆ, ನಾಟಿಯವಳಿಗೆ ಸಣ್ಣಸಣ್ಣದಾಗಿ ವರ್ಷಗಟ್ಟಲೆ. ಅವನ ಮೊಣಕಾಲು ಪೇಪರಲ್ಲಿ ಸುದ್ದಿ ಆಗುತ್ತೆ. ಇವಳದ್ದು ರಾತ್ರಿ ಬೇವಿನೆಣ್ಣೆ ಹಚ್ಚಿಕೊಂಡು ಮುಗಿಯುತ್ತೆ. ಆಮೇಲೆ ಕಳೆ ಕೀಳೋದು, ಕುಡುಗೋಲು ಹಿಡಿದು ಕೊಯ್ಯೋದು, ಹೊರೆ ಹೊರೋದು. ಕೊಯ್ಲಿಗೆ ಈಗ ಮಷೀನು ಬಂದಿದೆ. ಸಸಿ ಹಚ್ಚೋಕೆ ಬಹಳ ಕಡೆ ಇಂದಿಗೂ ಹೆಂಗಸರ ಗುಂಪೇ ಬೇಕು.

ಇದು ಕಾಲುವೆ ನೀರಿನ ಕತೆ. ಕಾಲುವೆ ಹೋಗದ ಊರುಗಳದ್ದು ಬೋರಿನ ನೀರಿನ ಕತೆ, ಅದು ಇನ್ನೂ ಕಹಿ. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಕಡೆ ಬೆನ್ನು, ಕೀಲು ಮರಗಟ್ಟಿ ಹೋದ ಜನರನ್ನು ನೋಡಿ, ಇದಕ್ಕೆ ಕಾರಣ ಕುಡಿಯುವ ನೀರಿನ ಫ್ಲೋರೈಡ್ ಅಂತ ವರದಿ ಮಾಡಿದ್ರು. ನಮ್ಮ ದೇಶದಲ್ಲಿ ಅದು ಮೊದಲು. ಆಗ ನೆಲ್ಲೂರೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಗ್ರಾನೈಟಿನ ನೆಲದಲ್ಲಿ ಆಳದ ನೀರಿಗೆ ಫ್ಲೋರೈಡ್ ಸೇರೋದು ಸಾಮಾನ್ಯ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ನಿಯಮ. ಮೀರಿದ ಊರುಗಳು ಬಳ್ಳಾರಿ ಜಿಲ್ಲೆಯಲ್ಲಿ ಸಾಕಷ್ಟಿವೆ. ಮಕ್ಕಳ ಹಲ್ಲಿನ ಕಂದು ಪಟ್ಟೆ ನೋಡಿದ್ರೆ ಸಾಕು, ಲ್ಯಾಬು ಬೇಡ.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಇನ್ನೊಂದು ರೂಪವನ್ನು ವರದಿ ಮಾಡಿದ್ರು. ಹಳೇ ಫ್ಲೋರೈಡ್ ಸೀಮೆಯಲ್ಲಿ ಹದಿಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗ್ತಿದ್ದವು, ಪಾದಗಳು ದೂರದೂರ ಉಳೀತಿದ್ದವು. ಅವರು ಬಡವರು, ಜೋಳ ಉಣ್ಣುವವರು. ನಾಗಾರ್ಜುನಸಾಗರ ಅಣೆಕಟ್ಟಿನ ಸುತ್ತ ಅಂತರ್ಜಲ ಮೇಲೇರಿ, ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಾಗಿ, ದೇಹದ ತಾಮ್ರ ಹೊರಹೋಗಿ ಮೂಳೆ ಮೆತ್ತಗಾಗುತ್ತೆ ಅನ್ನೋದು ಆ ಸಂಸ್ಥೆಯವರು ಕೊಟ್ಟ ವಿವರಣೆ. ಈಗ ಆ ಓರೆ ಕೋನ ನೆನಪು ಮಾಡಿಕೊಳ್ಳಿ. ಸೊಂಟದ ಕೀಲಿಂದ ಕಾಲ್ಗಿಣ್ಣಿಗೆ ದಾರ ಎಳೆದರೆ ಅದು ಮೊಣಕಾಲಿನ ನಡುವೆ ಹಾಯಬೇಕು. ಮೂಳೆ ಬೆಳೆಯುವ ವಯಸ್ಸಲ್ಲಿ ಕೋನ ಕೆಟ್ಟರೆ ದಾರ ಹೊರಗಡೆಗೆ ಸರಿಯುತ್ತೆ. ಆಮೇಲೆ ಇಡೀ ಭಾರ ಹೊರಗಿನ ಅರ್ಧದ ಮೇಲೆ. ಒಳಗಿನ ಕಟ್ಟುನಾರು ದಿನವೂ ಜಗ್ಗುತ್ತೆ. ಮೂವತ್ತು ಲಕ್ಷ ವರ್ಷದಲ್ಲಿ ಹದವಾದ ಕೋನವನ್ನು ಒಂದು ಊರಿನ ಬಾವಿ ಹತ್ತು ವರ್ಷದಲ್ಲಿ ಕೆಡಿಸಬಲ್ಲದು.

ಇಷ್ಟೆಲ್ಲ ಸವೆದ ಮೇಲೆ ಆಪರೇಷನ್ ಇದೆಯಲ್ಲ ಅಂತೀರಿ. ಇದೆ, ಒಳ್ಳೆಯದೂ ಹೌದು. ಅದರ ಚರಿತ್ರೆಯೂ ಪಾಠ ಹೇಳುತ್ತೆ. 1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮಾಡಿದ ಕೃತಕ ಮಂಡಿ ಬಾಗಿಲ ತಿರುಗಣಿಯ ಮಾದರಿಯದು. ಮೊಣಕಾಲು ತಿರುಚುತ್ತೆ, ತಿರುಗಣಿ ತಿರುಚಲ್ಲ. ಆ ಎಳೆದಾಟದಲ್ಲಿ ಇಂಥ ಮಂಡಿಗಳು ಮೂಳೆಯಿಂದ ಸಡಿಲ ಆಗ್ತಿದ್ದವು. 1968ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡ್ತಿದ್ದ ಗನ್‌ಸ್ಟನ್, ಉರುಳಿ ಜಾರುವ ಚಲನೆಯನ್ನೇ ಅನುಸರಿಸಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಮಂಡಿ ಮಾಡಿದ. 1974ರಲ್ಲಿ ನ್ಯೂಯಾರ್ಕಿನ ಇನ್‌ಸಾಲ್ ಬಳಸಿದ ಮಾದರಿ ಇವತ್ತಿನ ಮಂಡಿಗಳ ಅಜ್ಜ. ವೇಬರ್ ಸೋದರರು 1836ರಲ್ಲಿ ಕಂಡದ್ದು ಆಪರೇಷನ್ ಕೋಣೆಗೆ ಬರೋಕೆ 130 ವರ್ಷ ಹಿಡೀತು.

ಆದರೆ ಆ ಮಂಡಿ ಹುಟ್ಟಿದ್ದು ಕುರ್ಚಿಯ ಜನರಿಗಾಗಿ. ಅವರಿಗೆ 90, 100 ಡಿಗ್ರಿ ಮಡಚಿದ್ರೆ ಸಾಕಿತ್ತು. ಆಮೇಲೆ ಹೆಚ್ಚು ಮಡಚುವ ಮಾದರಿಗಳು ಬಂದರೂ, ಮಂಡಿ ಬದಲಿಸಿಕೊಂಡವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಇದೇ: ನೆಲದ ಮೇಲೆ ಕೂರಬೇಡಿ, ಕುಕ್ಕರಿಸಬೇಡಿ, ಭಾರ ಹೊರಬೇಡಿ. ಬಳ್ಳಾರಿಯ ದೊಡ್ಡ ಬಡಾವಣೆಯ ಮನೆಗೆ ಈ ಸಲಹೆ ಸರಿ. ಒಲೆ, ಊಟ, ಪೂಜೆ, ಪಾಯಿಖಾನೆ, ಕೂಲಿ ಎಲ್ಲವೂ ನೆಲದ ಮಟ್ಟದಲ್ಲೇ ಇರುವ ಹೆಂಗಸಿಗೆ? ನೋವು ಹೋಗುತ್ತೆ, ಜೊತೆಗೆ ಕೂಲಿಯೂ ಹೋಗುತ್ತೆ. ಬೆಲೆಯ ವಿಷಯದಲ್ಲಿ ಒಂದು ಒಳ್ಳೇ ಹೆಜ್ಜೆ ಬಿದ್ದಿದೆ. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಬೆಲೆ ಒಂದೂವರೆ ಲಕ್ಷದ ಮೇಲಿದ್ದದ್ದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳೀತು. ಅದು ಇಂಪ್ಲಾಂಟಿನ ಬೆಲೆ ಮಾತ್ರ. ಆಸ್ಪತ್ರೆ, ಆರೈಕೆ, ತಿಂಗಳುಗಟ್ಟಲೆ ತಪ್ಪುವ ದುಡಿಮೆ ಬೇರೆ.

ಹಾಗಾದ್ರೆ ಸವೆಯುವ ಮೊದಲೇ ಮಾಡಬಹುದಾದ್ದು ಏನೂ ಇಲ್ವಾ? ಇದೆ. ಯಾವುದೂ ದೊಡ್ಡ ವಿಜ್ಞಾನ ಅಲ್ಲ. ಫ್ಲೋರೈಡ್ ಇರುವ ಊರಿಗೆ ನದಿ ನೀರು. ಬೆಳೆಯುವ ಮಕ್ಕಳಿಗೆ ಹಾಲು, ಮೊಟ್ಟೆ, ಸೊಪ್ಪು. ಕುಕ್ಕರುಗಾಲಲ್ಲಿ ಮಾಡುವ ಕೆಲಸಕ್ಕೆ ಒಂದು ಗಿಡ್ಡ ಮಣೆ, ನಡುನಡುವೆ ಎದ್ದು ನಿಲ್ಲುವಷ್ಟು ಬಿಡುವು. ನೋವು ಶುರುವಾದವರಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಕಾಲು ನೀಡಿ ಕೂತು ಮೊಣಕಾಲನ್ನು ನೆಲಕ್ಕೆ ಒತ್ತಿ ಹಿಡಿದು ಬಿಡೋದು, ಅಷ್ಟೇ, ಕಾಸು ಖರ್ಚಿಲ್ಲ. ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಅಲ್ಲಿ ಓದಿ ಹೊರಬೀಳುವ ಮಕ್ಕಳು ಹಳ್ಳಿಗೆ ಹೋಗಿ ಈ ಒಂದು ವ್ಯಾಯಾಮ ಕಲಿಸಿದ್ರೂ ಎಷ್ಟೋ ಮೊಣಕಾಲು ಉಳೀತವೆ.

ಇಟಲಿಯಲ್ಲಿ ರಮಾಝಿನಿ ಅಂತ ಒಬ್ಬ ವೈದ್ಯ ಇದ್ದ. ದುಡಿಯುವವರ ಕಾಯಿಲೆಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದ. ರೋಗಿಯನ್ನು ಏನೇನು ಕೇಳಬೇಕು ಅಂತ ಹಿಪೊಕ್ರಟೀಸ್ ಹೇಳಿದ್ದಕ್ಕೆ ಅವನು ಇನ್ನೊಂದು ಪ್ರಶ್ನೆ ಸೇರಿಸಿದ: ನೀನು ಮಾಡುವ ಕೆಲಸ ಯಾವುದು? ಮುನ್ನೂರು ವರ್ಷ ಕಳೆದರೂ ನಮ್ಮ ಮೂಳೆ ಡಾಕ್ಟರ ಚೀಟಿಯ ಮೇಲೆ ಹೆಸರು, ವಯಸ್ಸು, ತೂಕ ಇರುತ್ತೆ, ಈ ಪ್ರಶ್ನೆಗೆ ಕಾಲಂ ಇರೋದು ಅಪರೂಪ. ಇನ್ನೊಮ್ಮೆ ಸಿರುಗುಪ್ಪದ ಕಡೆಯ ಯಾವುದಾದರೂ ಅವ್ವ ಮೊಣಕಾಲಿಗೆ ಕೈ ಊರಿ ಏಳುವಾಗ, ವಯಸ್ಸು ಎಷ್ಟು ಅಂತ ಕೇಳಬೇಡಿ. ಎಷ್ಟು ವರ್ಷ ಸಸಿ ಹಚ್ಚಿದಿರಿ ಅಂತ ಕೇಳಿ. ಅವರು ಮತ್ತೆ ಕೂತು ಹೇಳೋಕೆ ಶುರು ಮಾಡ್ತಾರೆ.